ಬಿರುಕಿನ ಕೆಳಗೆ ಕೋಟಿನ ಅಳತೆ

ಬಿರುಕು ಬಿಟ್ಟ ತಾರಸಿಯನ್ನು ಪರೀಕ್ಷೆ ಮಾಡಿಸದೆ ಅದರ ಮೇಲೆ ಸೋಲಾರ್ ಫಲಕ ಹೇರಲು ಹೊರಟ ಕಾಂಪ್ಲೆಕ್ಸ್ ಮಾಲೀಕ ಗುರುಶಾಂತಪ್ಪ. ತಾರಸಿಯ ಕೆಳಗೇ, ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದ ಟೈಲರ್ ಮುಂದೆ ಬಾಡಿಗೆದಾರರ ಒಪ್ಪಿಗೆ ಪತ್ರ ಎಸೆದ.

"ತಾರಸಿ ಗಟ್ಟಿಯಾಗಿದೆ ಅಂತ ಸಹಿ ಹಾಕು. ಇಲ್ಲಾಂದ್ರೆ ಅಂಗಡಿ ಖಾಲಿ ಮಾಡು!"

"ಹಾಕ್ತೀನಿ ಯಜಮಾನ್ರೇ. ಮೊದಲು ಸೋಲಾರ್ ಉದ್ಘಾಟನೆಗೆ ಹೊಲಿಸ್ತಿರೋ ಕೋಟಿಗೆ ಅಳತೆ ಕೊಡಿ."

ಟೈಲರ್ ಆತನನ್ನು ಬಿರುಕಿನ ನೇರ ಕೆಳಗೆ ನಿಲ್ಲಿಸಿ ಟೇಪು ಹಿಡಿದ. ಮೇಲೆ ಫಲಕ ಕೂರಿಸುವ ಕೆಲಸಗಾರರು ಡ್ರಿಲ್ ಶುರು ಮಾಡಿದರು. ಮಾಲೀಕನ ತಲೆಗೆ ಗಾರೆ ಉದುರಿತು.

"ಅಲ್ಲಾಡಬೇಡಿ, ಭುಜದ ಅಳತೆ ತಪ್ಪುತ್ತೆ."

"ಬಿಡೋ ಮಾರಾಯ, ತಾರಸಿ ಬೀಳುತ್ತೆ!"

"ಗಟ್ಟಿಯಾಗಿದೆ ಅಂತ ನೀವೇ ಬರೆದು ತಂದಿದ್ದೀರಲ್ಲ?"

ಗುರುಶಾಂತಪ್ಪ ಹೊರಗೆ ಓಡಿ, ಡ್ರಿಲ್ ನಿಲ್ಲಿಸಿ, ತಾರಸಿ ಪರೀಕ್ಷೆಗೆ ಎಂಜಿನಿಯರರನ್ನು ಕರೆಸಿದ.

ಅಂಗಡಿಯವರೇ, ಬಿಸಿಲಿನ ಕರೆಂಟು ಬೇಕು, ಬರಲಿ. ಆದರೆ ತಾರಸಿ ಪರೀಕ್ಷೆಯ ವರದಿಯನ್ನು ಕಣ್ಣಾರೆ ನೋಡುವವರೆಗೆ ಯಾರ ಬೆದರಿಕೆಗೂ ಹೆದರಿ ಸಹಿ ಹಾಕಬೇಡಿ.