ಗೋಳಗುಮ್ಮಟದಲ್ಲಿ ಸಾಹೇಬರ ಪಿಸುಮಾತು

ವಿಜಯಪುರಕ್ಕೆ ಹೊಸದಾಗಿ ಬಂದ ಅಧಿಕಾರಿ ಸಾಹೇಬರು ಗೋಳಗುಮ್ಮಟದ ಮುಂದಿನ ಟಾಂಗಾ ನಿಲ್ದಾಣ ಎತ್ತಿಸುತ್ತಾರಂತೆ ಎಂದು ಸುದ್ದಿ ಹಬ್ಬಿತ್ತು. ಕೇಳಿದರೆ ಸಾಹೇಬರು, "ಎಲ್ಲಾ ಸುಳ್ಳು" ಎನ್ನುತ್ತಿದ್ದರು. ಟಾಂಗಾ ಹೊಡೆಯುವ ಮೌಲಾಸಾಬನಿಗೆ ಮಾತ್ರ ನಂಬಿಕೆ ಬರಲಿಲ್ಲ.

ಒಂದು ದಿನ ಸಾಹೇಬರು ಅವನನ್ನೇ ಕರೆದು, ಹೆಂಡತಿಗೆ ಊರು ತೋರಿಸು ಎಂದರು.

"ಗುಮ್ಮಟಕ್ಕ ಮುಂಜಾನೆ ಆರಕ್ಕ ಹೋಗೂಣ್ರಿ ಸಾಹೇಬ್ರ, ಮಂದಿ ಗದ್ದಲ ಇರೂದಿಲ್ಲ. ಮ್ಯಾಲಿನ ಗೋಡಿ ಹೆಂಗಂದ್ರ..."

"ಇತಿಹಾಸ ನನಗೇ ಹೇಳ್ತೀಯಾ? ಬಾಯಿ ಮುಚ್ಚು!"

ಮೌಲಾಸಾಬ ಬಾಯಿ ಮುಚ್ಚಿದ. ಮರುದಿನ ಮುಂಜಾನೆ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಗುಮ್ಮಟದ ಮೇಲಿನ ಮೊಗಸಾಲೆಗೆ ಬಂದ ಗಂಡಹೆಂಡಿರಿಗೆ, "ಗೋಡಿಗೆ ಒರಗಿ ಕುಂದರ್ರಿ, ತಂಪೈತಿ" ಎಂದು ಹೇಳಿ, ಗುಮ್ಮಟದೊಳಗೇ ಸುತ್ತು ಹಾಕಿ ಎದುರು ಬದಿಗೆ ಹೋದ. ಅಲ್ಲಿ ಅವನು ಮೊದಲೇ ಕಳಿಸಿದ್ದ ಹದಿಮೂರು ಮಂದಿ ಟಾಂಗಾದವರು ನಸುಗತ್ತಲಲ್ಲಿ ಗೋಡೆಗೆ ಕಿವಿ ಕೊಟ್ಟು ಕೂತಿದ್ದರು.

"ಪಾಪ, ಈ ಟಾಂಗಾದವರನ್ನು ನಿಜವಾಗಿಯೂ ಎಬ್ಬಿಸ್ತೀರಾ?" ಎಂದರು ಅಮ್ಮಾವರು.

ಸಾಹೇಬರು ಸುತ್ತ ನೋಡಿದರು. ಹತ್ತಿರ ಯಾರೂ ಇರಲಿಲ್ಲ. "ಮುಂದಿನ ವಾರವೇ. ಆ ಜಾಗದಲ್ಲಿ ನಿನ್ನ ತಮ್ಮನ ಹೋಟೆಲು. ಯಾರಿಗೂ ಹೇಳಬೇಡ" ಎಂದು ಪಿಸುಗುಟ್ಟಿದರು.

ಆ ಪಿಸುಮಾತು ಗೋಡೆ ಹಿಡಿದು ಬಂದು ಹದಿನಾಲ್ಕು ಜನರ ಕಿವಿಗೂ ಬಿತ್ತು. ಮೌಲಾಸಾಬನಿಗೆ ಅನುಮಾನವಿತ್ತು, ಆದರೆ ಇಷ್ಟು ಎಂದುಕೊಂಡಿರಲಿಲ್ಲ. ಅವನು ಗೋಡೆಗೆ ಬಾಯಿಟ್ಟ.

"ಯಾರಿಗೂ ಹೇಳೂದಿಲ್ರಿ ಸಾಹೇಬ್ರ. ಹೋಟೆಲಿನ್ಯಾಗ ಊಟ ಛಲೋ ಇರ್ತೈತೇನ್ರಿ?"

ಸಾಹೇಬರು ಹೌಹಾರಿ ಎದ್ದರು. ಎದುರು ಬದಿಯಲ್ಲಿ ಹದಿನಾಲ್ಕು ಜನ ಎದ್ದುನಿಂತು ಸಲಾಮು ಹೊಡೆದರು.

"ನೀವಾ!" ಎಂದು ಚೀರಿದರು ಸಾಹೇಬರು. ಗುಮ್ಮಟ ಏಳು ಸಲ ಅದನ್ನೇ ಚೀರಿತು.

ಆ ವಾರವೇ ನಿಲ್ದಾಣದಲ್ಲಿ ಸಾಹೇಬರ ರುಜುವಿನ ಹೊಸ ಫಲಕ ಎದ್ದಿತು: "ಟಾಂಗಾಗಳಿಗೆ ಮಾತ್ರ."