ಗ್ರಹಣದ ದಿನ ಅಜ್ಜನವರು ತಿದ್ದಿಕೊಂಡ ಮಾತು

ಪೂಜ್ಯ ಗುರುಪಾದಜ್ಜನವರು ಮಲಪ್ರಭೆಯ ದಂಡೆಯ ಸಣ್ಣ ಮಠವೊಂದರಲ್ಲಿ ವಾಸವಾಗಿದ್ದ ಕಾಲ. ಮಣ್ಣಿನ ಗೋಡೆಯ ಪಡಸಾಲೆ, ಹಿಂದೊಂದು ಅಡುಗೆಮನೆ, ಮಠವೆಂದರೆ ಅಷ್ಟೇ. ಒಂದು ಬೆಳಿಗ್ಗೆ ಅಜ್ಜನವರು ದಾಸೋಹಕ್ಕೆಂದು ತೊಗರಿಬೇಳೆ ಆರಿಸುತ್ತ ಕುಳಿತಿದ್ದಾಗ, ವಿಮಲಾಕ್ಷಿ ಎಂಬ ನಡುವಯಸ್ಸಿನ ಹೆಣ್ಣುಮಗಳು ಬಂದು ಕಂಬಕ್ಕೊರಗಿ ನಿಂತಳು.

ಆಕೆ ಒಂಬತ್ತು ವರ್ಷ ದೂರದ ಆಶ್ರಮವೊಂದರಲ್ಲಿದ್ದವಳು. ಅಲ್ಲಿ ಗುರು ಆಡಿದ್ದೇ ವೇದ. ಎದುರಾಡಿದವರ ಜೊತೆ ತಿಂಗಳುಗಟ್ಟಲೆ ಯಾರೂ ಮಾತಾಡುವಂತಿರಲಿಲ್ಲ. ಹೆತ್ತ ತಂದೆ ತೀರಿಕೊಂಡಾಗಲೂ ಮಣ್ಣಿಗೆ ಹೋಗಲು ಅಪ್ಪಣೆ ಸಿಗಲಿಲ್ಲ. ಆ ಸಂಕಟದಲ್ಲಿ ಹೊರಬಿದ್ದವಳಿಗೆ ತಾಯಿಗೆ ಮುಖ ತೋರಿಸುವ ಧೈರ್ಯವಿರಲಿಲ್ಲ.

ಇದನ್ನೆಲ್ಲ ಹೇಳಿಕೊಂಡು, "ನಾ ಯಾರ ಕಾಲಿಗೂ ಬೀಳಂಗಿಲ್ಲ್ರಿ, ಅಜ್ಜಾರ," ಎಂದಳು.

"ಬ್ಯಾಡ ತಾಯಿ. ಹಸದೀ, ಮೊದಲ ಉಣ್ಣು," ಎಂದರು ಅಜ್ಜನವರು.

ಆಕೆ ಮಠದಲ್ಲೇ ಉಳಿದಳು. ಮೂರನೆಯ ದಿನ ಸೂರ್ಯಗ್ರಹಣ. ಪಡಸಾಲೆ ತುಂಬ ಭಕ್ತರು. ಒಬ್ಬ ರೈತ ತನ್ನ ಬಸುರಿ ಸೊಸೆಯನ್ನು ಕರೆತಂದು, ಈಕೆ ಏನು ಮಾಡಬೇಕೆಂದು ಕೇಳಿದ. ಗ್ರಹಣ ಬಿಡುವತನಕ ನೀರೂ ಮುಟ್ಟಬಾರದೆಂದು ಅಜ್ಜನವರು ಅಪ್ಪಣೆ ಕೊಡಿಸಿದರು. ಬೆಳಗಿನಿಂದ ಉಪವಾಸವಿದ್ದ ಆ ಹುಡುಗಿಯ ತುಟಿ ಒಣಗಿತ್ತು. ವಿಮಲಾಕ್ಷಿ ತಡೆಯಲಾರದೆ ಎದ್ದು ನಿಂತಳು.

"ತಪ್ಪು ಹೇಳಾಕತ್ತೀರಿ, ಅಜ್ಜಾರ. ಬಸುರಿ ಹಿಂಗ ಹಸದಿರಬಾರದು."

"ಅಜ್ಜಾರಿಗೇ ಬುದ್ಧಿ ಹೇಳ್ತಿಯೇನು? ಹೊರಗ ನಡಿ!" ಎಂದು ಹಿರಿಯನೊಬ್ಬ ಗದರಿದ. ಆಕೆ ಬಾಗಿಲ ಕಡೆ ತಿರುಗಿದಳು. ಇನ್ನು ಇಲ್ಲಿಯ ಋಣವೂ ಮುಗಿಯಿತೆಂದುಕೊಂಡಳು.

ಅಜ್ಜನವರು ಕೈಯೆತ್ತಿ ಹಿರಿಯನನ್ನು ಸುಮ್ಮನಾಗಿಸಿದರು. ಬಸುರಿಯ ಒಣಗಿದ ತುಟಿ ನೋಡಿ, "ಆಕಿ ಹೇಳೋದು ಖರೆ. ನಾ ವಿಚಾರ ಮಾಡದ ಆಡಿದೆ," ಎಂದವರೇ ಗದ್ದುಗೆಯಿಂದಿಳಿದರು. ಎಲ್ಲರೂ ನೋಡುತ್ತಿದ್ದಂತೆ ಅಡುಗೆಮನೆಯಿಂದ ಅಂಬಲಿ ತಂದು ಬಸುರಿಯ ಕೈಗಿತ್ತರು.

ಜನ ಚದುರಿದ ಮೇಲೆ ವಿಮಲಾಕ್ಷಿ ಮೆಲ್ಲಗೆ ಕೇಳಿದಳು: "ಅಲ್ಲೂ ಗುರು, ಇಲ್ಲೂ ಗುರು. ಜಪ, ಪೂಜಿ ಎಲ್ಲಾ ಅಲ್ಲೂ ಇತ್ತು. ಮತ್ತೇನು ಫರಕ್ಕು, ಅಜ್ಜಾರ?"

"ಗುರು ತಪ್ಪಿದ ಅನ್ನಾಕ ಜಾಗ ಇದ್ದಲ್ಲಿ ಧರ್ಮ ಇರತೈತಿ, ತಾಯಿ. ಆ ಜಾಗ ಇಲ್ಲದಲ್ಲಿ ಬರೇ ಗುರು ಇರತಾನ." ಅಜ್ಜನವರು ನಕ್ಕರು. "ನಿಮ್ಮವ್ವ ದಾರಿ ಕಾಯತಿರಬೇಕು. ಹೋಗು. ಮತ್ತ ಇಲ್ಲಿ ಬರೋದು, ಬಿಡೋದು ನಿನಗ ಬಿಟ್ಟಿದ್ದು."

ಮರುದಿನವೇ ಆಕೆ ಊರ ಬಸ್ಸು ಹತ್ತಿದಳು. ತಾಯಿ ಮಗಳ ತಲೆಯನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ನಿಂತರು. ಸಂಜೆ ತಾಯಿ ದೇವರ ಮುಂದೆ ದೀಪ ಹಚ್ಚಲು ಎದ್ದಾಗ ವಿಮಲಾಕ್ಷಿ ಅವರ ಕೈಯಿಂದ ಬತ್ತಿ ತೆಗೆದುಕೊಂಡಳು.

"ಕುಂದರು ಯವ್ವಾ, ಇವತ್ತು ನಾ ಹಚ್ಚತೀನಿ," ಎಂದಳು. ಯಾರೂ ಹಾಗೆ ಮಾಡೆಂದು ಆಕೆಗೆ ಹೇಳಿರಲಿಲ್ಲ.