ಹಗ್ಗ ಬಿಡದ ಕಡಲಾಮೆ

ತೆರೆ ಬಂದು ಮರಳನ್ನು ಮುಟ್ಟಿ ಹಿಂದಿರುಗುವಾಗ ಒಂದು ಒದ್ದೆ ಗೆರೆ ಉಳಿಯುತ್ತದಲ್ಲ, ಅದಕ್ಕೆ ಕಡಲ ಕಡೆಯ ಊರಿನಲ್ಲಿ ಒಂದು ಹೆಸರಿತ್ತು. ನೊರೆ... ನೊರಗೆ... ಊಹೂಂ, ಹಾಗಲ್ಲ. ಕೇಳೋಣವೆಂದರೆ ಇಷ್ಟು ದೂರದ ಈ ಊರಿನಲ್ಲಿ ಆ ಗೆರೆಯನ್ನು ಕಂಡವರೇ ಇಲ್ಲ. ಹೋಗಲಿ ಪುಟ್ಟಿ, ತೆರೆಯ ಗೆರೆ ಅಂತ ಬರೆದುಕೊಂಡರೆ ಸಾಕು. ಅದಕ್ಕಾಗಿ ಕತೆ ನಿಲ್ಲುವುದು ಬೇಡ.

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಕಡಲು ತೆರೆ ಎಸೆಯುವುದನ್ನು ಹೊಸದಾಗಿ ಕಲಿತಿತ್ತು. ಗಾಳಿಗೆ ಇನ್ನೂ ದಿಕ್ಕು ಗೊತ್ತಿರಲಿಲ್ಲ. ಆಗ ಆಮೆಗಳೆಲ್ಲ ಒಂದೇ ತರಹ. ಹೊಳೆಯ ಆಮೆಯಾಗಲಿ, ಕೆರೆಯ ಆಮೆಯಾಗಲಿ, ಕಡಲಾಮೆಯಾಗಲಿ, ಹೆದರಿದರೆ ತಲೆ ಒಳಗೆ. ಯಾರಾದರೂ ಸೀನಿದರೂ ತಲೆ ಒಳಗೆ.

ಒಬ್ಬ ಕಡಲಾಮೆಗೆ ಮೊಟ್ಟೆಯಿಡುವ ಕಾಲ ಬಂತು. ಮೊದಲ ಸಲ ನೀರಿನಲ್ಲೇ ಇಟ್ಟಳು. ಏಡಿಗಳು ತಿಂದು ಮುಗಿಸಿದವು. “ನನ್ನೊಳಗೆ ಬಿದ್ದದ್ದೆಲ್ಲ ನನ್ನದು,” ಎಂದಿತು ಕಡಲು. ಆಮೆ ತಲೆ ಒಳಗೆಳೆದುಕೊಂಡಳು.

ಎರಡನೆಯ ಸಲ ತೆರೆಯ ಗೆರೆಯ ಕೆಳಗೆ, ಮರಳಿನಲ್ಲಿ ಇಟ್ಟಳು. ತೆರೆ ಬಂದು ನೆಕ್ಕಿಕೊಂಡು ಹೋಯಿತು. ಆಮೆ ತಲೆ ಒಳಗೆಳೆದುಕೊಂಡಳು.

ಮೂರನೆಯ ಸಲ ಗೆರೆಯನ್ನು ದಾಟಿ ಮೇಲೆ ಬಂದು ತೋಡತೊಡಗಿದಾಗ ಮರಳೇ ಮಾತಾಡಿತು. “ಇದು ಬಲೆ ಎಳೆಯುವವರ ಜಾಗ ತಾಯಿ. ಮೊಟ್ಟೆ ಕಂಡರೆ ಬುಟ್ಟಿಗೆ ತುಂಬುತ್ತಾರೆ. ಬೇಡ ಅಂದರೆ ನನ್ನ ಮಾತು ಕೇಳುವವರಿಲ್ಲ.”

“ಹಾಗಾದರೆ ನನ್ನ ಮಕ್ಕಳು ಎಲ್ಲಿ ಹುಟ್ಟಬೇಕು?”

ಆಮೆ ತೋಡಿದ ಗುಂಡಿಯನ್ನು ಮತ್ತೆ ಮುಚ್ಚಿದಳು.

ಅಷ್ಟರಲ್ಲಿ ದಡದಲ್ಲಿ ಗದ್ದಲವೆದ್ದಿತು. ಊರವರು ರಂಪಣಿ ಬಲೆ ಬಿಟ್ಟಿದ್ದರು. ಕಡಲನ್ನೇ ಬಳಸಿ ಬರುವ ದೊಡ್ಡ ಬಲೆ ಅದು. ಎರಡು ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದ ಯಾರಿಗೂ ಪಾಲು ತಪ್ಪುವ ಹಾಗಿಲ್ಲ. ಮುದುಕಿಯಾದರೂ ಸರಿ, ದಾರಿಹೋಕನಾದರೂ ಸರಿ, ಪಾಲು ಪಾಲೇ. ಇದು ಆಮೆಗೂ ಗೊತ್ತಿತ್ತು.

ಅಂದು ಕಡಲಿಗೆ ಹಟ. ಬಲೆಯನ್ನು ತನ್ನತ್ತ ಜಗ್ಗಿತು. ಜನರ ಕಾಲು ಜಾರಿದವು, ಹಗ್ಗ ಸರಸರನೆ ಹಿಂದೆ ಹೋಗತೊಡಗಿತು. ಆಮೆ ಓಡೋಡಿ ಬಂದು ಹಗ್ಗವನ್ನು ಕಚ್ಚಿದಳು. ಆಮೆ ಓಡುವುದೆಂದರೆ ಎಷ್ಟು, ಅಷ್ಟು.

“ಏ, ನೀನು ನನ್ನವಳು! ಬಿಡು!” ಕಡಲು ಗುಡುಗಿತು.

ಬಿಡಲಿಲ್ಲ.

“ತಲೆ ಒಳಗೆಳೆದುಕೋ, ಮಳ್ಳಿ!” ಎಂದಿತು ಗಾಳಿ.

ತಲೆ ಎಳೆದುಕೊಂಡರೆ ಹಗ್ಗ ಬಿಡಬೇಕು. ಬಿಡಲಿಲ್ಲ. ತೆರೆ ಮುಖಕ್ಕೆ ಬಡಿದು ಕಣ್ಣು ಉಪ್ಪಾಯಿತು. ಬಿಡಲಿಲ್ಲ. ಹಗ್ಗ ಉಜ್ಜಿ ಬಾಯಿ ಹರಿಯಿತು. ಆಗಲೂ ಬಿಡಲಿಲ್ಲ. ಕೊನೆಗೆ ಕಡಲೇ ಸೋತು ಬಲೆ ದಡಕ್ಕೆ ಬಂತು.

ಬಲೆಯ ಯಜಮಾನ ಜಟ್ಟಿ ತಾಂಡೇಲ ಮೀನಿನ ಪಾಲು ಹಾಕಿದ. ಎಲ್ಲರ ಬುಟ್ಟಿಗೂ ಬಿತ್ತು. ಆಮೆಯ ಮುಂದೆ ಮಾತ್ರ ಏನೂ ಇಲ್ಲ.

“ಇವಳ ಪಾಲು ಎಲ್ಲಿ?” ಬಲೆ ಹೆಣೆಯುವ ಕುಪ್ಪಕ್ಕ ಕೇಳಿದಳು.

“ಎಂತ ಕುಪ್ಪಕ್ಕ, ಕೈ ಹಚ್ಚಿದವರಿಗೆ ಪಾಲು. ಅದು ಹಚ್ಚಿದ್ದು ಬಾಯಿ.”

“ನೀನೂ ಬಾಯಿಯನ್ನೇ ಹಚ್ಚಿದ್ದು ಮಾರಾಯ. ‘ಎಳೀರಿ, ಎಳೀರಿ’ ಅಂತ ದಿಬ್ಬದ ಮೇಲೆ ನಿಂತು ಕೂಗಿದವ ಯಾರು? ಮೊದಲು ನಿನ್ನ ಬುಟ್ಟಿ ಕೆಳಗಿಡು!”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾಂಡೇಲ ಮುಖ ಕೆಂಪಗೆ ಮಾಡಿಕೊಂಡು ಎರಡು ಬಂಗುಡೆ ಮೀನು ಎಸೆದ.

“ಮೀನು ಬೇಡ,” ಎಂದಳು ಆಮೆ. “ಮೀನು ನನ್ನ ಮನೆಯಲ್ಲೇ ಇದೆ. ನನ್ನ ಪಾಲಿಗೆ ಮರಳು ಕೊಡಿ. ಗೆರೆಯ ಮೇಲೆ, ನನ್ನ ಮೈಯಷ್ಟಗಲ. ಅಲ್ಲಿಟ್ಟ ಮೊಟ್ಟೆಗೆ ಯಾರೂ ಕೈಯಿಕ್ಕಬಾರದು.”

ತಾಂಡೇಲ ದೋಣಿಯ ಹುಟ್ಟು ಎತ್ತಿದ. “ತಲೆ ಒಳಗೆ ಹಾಕು! ಇಲ್ಲದಿದ್ದರೆ ನಿನ್ನನ್ನು ಗಡಿಗೆಗೆ ಹಾಕುತ್ತೇನೆ!”

ಆಮೆಗೆ ಹೆದರಿಕೆಯಾಗಲಿಲ್ಲವೆ? ಆಯಿತು. ಆದರೂ ಕತ್ತು ಇನ್ನಷ್ಟು ಮುಂದೆ ಬಂತು.

“ಹೊಡೆಯಿರಿ. ತಲೆ ಇಲ್ಲೇ ಇರುತ್ತದೆ. ಪಾಲೂ ಇಲ್ಲೇ ಬೇಕು.”

ಕುಪ್ಪಕ್ಕ ತನ್ನ ಬುಟ್ಟಿಯನ್ನು ತಾಂಡೇಲನ ಕಾಲ ಬಳಿ ಕವುಚಿದಳು. “ಅವಳಿಗಿಲ್ಲದ ಪಾಲು ನನಗೂ ಬೇಡ. ನಾಳೆಯಿಂದ ಹಗ್ಗ ನೀನೊಬ್ಬನೇ ಎಳೆ.” ಆಚೆ ಇನ್ನೊಂದು ಬುಟ್ಟಿ ಕವುಚಿತು. ಮತ್ತೊಂದು. ತಾಂಡೇಲ ಹುಟ್ಟು ಕೆಳಗಿಳಿಸಿದ.

ಆಮೆ ನೂರು ಮೊಟ್ಟೆಯಿಟ್ಟು ಮರಳು ಮುಚ್ಚಿದಳು. ಕುಪ್ಪಕ್ಕ ಸುತ್ತಲೂ ಕೋಲು ನೆಟ್ಟು ಹಳೆಯ ಬಲೆ ಬಿಗಿದಳು. ಆಮೆಯ ಹರಿದ ಬಾಯಿ ಮಾಯುವವರೆಗೆ ಒಂದು ದೋಣಿಗೆ ಉಪ್ಪುನೀರು ತುಂಬಿ ಅವಳನ್ನು ಅದರಲ್ಲಿಟ್ಟು, ದಿನವೂ ಅರಿಶಿನ ಹಚ್ಚಿ ಸಾಕಿದಳು. ಹದಿನೈದನೆಯ ದಿನ ತೆರೆಯ ಗೆರೆಯ ಬಳಿ ತಂದು ಬಿಟ್ಟಳು.

ಕಡಲು ದಡದಲ್ಲೇ ಕಾದಿತ್ತು. “ಒಮ್ಮೆ ತಲೆ ಒಳಗೆಳೆದುಕೊಂಡು ತಪ್ಪಾಯಿತು ಅನ್ನು. ಒಳಗೆ ಬಿಡುತ್ತೇನೆ.”

“ಅನ್ನುವುದಿಲ್ಲ.”

“ಹಾಗಾದರೆ ನೀನು ಇನ್ನೆಂದೂ ತಲೆ ಎಳೆದುಕೊಳ್ಳಲಾರೆ. ನಿನ್ನ ಮಕ್ಕಳು ಮೊಮ್ಮಕ್ಕಳೂ ಅಷ್ಟೆ!”

“ಆಗಲಿ. ನಮಗೆ ಆ ಕೆಲಸವಿಲ್ಲ,” ಎಂದವಳೇ ತೆರೆಯನ್ನು ಸೀಳಿಕೊಂಡು ಒಳಗೆ ಹೋದಳು.

ಅದಕ್ಕೇ ಕೆರೆಯ ಆಮೆ ಇಂದಿಗೂ ಬೆರಳು ತೋರಿದರೆ ತಲೆ ಅಡಗಿಸುತ್ತದೆ. ಕಡಲಾಮೆ ಮಾತ್ರ, ಬಲೆಗೆ ಸಿಕ್ಕಿ ಗಾಯವಾಗಿ ಆಮೆಗಳ ಆಸ್ಪತ್ರೆಯ ನೀರಿನ ತೊಟ್ಟಿಯಲ್ಲಿದ್ದರೂ, ತಲೆ ಹೊರಗಿಟ್ಟುಕೊಂಡೇ ನಿನ್ನನ್ನು ನೋಡುತ್ತದೆ. ಇನ್ನು ದಡದ ಮರಳಿನಲ್ಲಿ ಕೋಲು ನೆಟ್ಟು ಬಲೆ ಕಟ್ಟಿದ್ದನ್ನು ಕಂಡು ಇದು ಯಾರ ಜಾಗ ಅಂತ ಯಾರಾದರೂ ಕೇಳಿದರೆ, ಬರೆದುಕೋ ಪುಟ್ಟಿ, ದೊಡ್ಡ ಅಕ್ಷರದಲ್ಲಿ ಬರೆ: ಹಗ್ಗ ಎಳೆದವಳದ್ದು.